ಬಾಡಿಗೆದಾರರ ಹಾರ್ಲೆಮ್

ನ್ಯೂಯಾರ್ಕ್ ನಗರದ ಹಾರ್ಲೆಮ್ ಎಂದೊಡನೆ ಜಾಝ್ ಸಂಗೀತ, ಅಪೊಲೊ ಥಿಯೇಟರ್, ಕಪ್ಪು ಜನರ ಸಾಹಿತ್ಯ ನೆನಪಾಗುತ್ತವೆ. ಆದರೆ ಈ ಬಡಾವಣೆಯನ್ನು ಕಟ್ಟಿದ್ದು ಅವರಿಗಾಗಿ ಅಲ್ಲ. 19ನೇ ಶತಮಾನದ ಕೊನೆಗೆ ಇಲ್ಲಿಗೆ ರೈಲು ಬಂತು, ಸುರಂಗ ರೈಲೂ ಬರಲಿದೆ ಎಂಬ ಸುದ್ದಿ ಹಬ್ಬಿತು. ಬಿಲ್ಡರುಗಳು ಅನುಕೂಲಸ್ಥ ಬಿಳಿಯರನ್ನು ನೆಚ್ಚಿಕೊಂಡು ಕಂದು ಕಲ್ಲಿನ ಸಾಲು ಮನೆಗಳನ್ನು ಎಬ್ಬಿಸಿದರು. ಕಟ್ಟಿದ್ದು ಅತಿಯಾಗಿ 1904–05ರ ಹೊತ್ತಿಗೆ ಮಾರುಕಟ್ಟೆ ನೆಲಕಚ್ಚಿತು.

ಆಗ ಮುಂದೆ ಬಂದವರು ಫಿಲಿಪ್ ಪೇಟನ್ ಎಂಬ ಕಪ್ಪು ರಿಯಲ್ ಎಸ್ಟೇಟ್ ಏಜೆಂಟ್. ಖಾಲಿ ಬಿದ್ದ ಮನೆಗಳಿಗೆ ಕಪ್ಪು ಬಾಡಿಗೆದಾರರನ್ನು ತಂದು ತುಂಬಿಸಿದರು. ಬೇರೆಡೆ ಮನೆ ಸಿಗದ ಆ ಜನ ಹೆಚ್ಚು ಬಾಡಿಗೆ ತೆರಲೇಬೇಕಿತ್ತು. ಮಾಲೀಕರಿಗೆ ಬೇಕಾದದ್ದೂ ಅದೇ. ಸೆಂಟ್ರಲ್ ಹಾರ್ಲೆಮ್‌ನಲ್ಲಿ 1910ರಲ್ಲಿ ಶೇ 10ರಷ್ಟಿದ್ದ ಕಪ್ಪು ಜನ 1930ಕ್ಕೆ ಶೇ 70, 1950ಕ್ಕೆ ಶೇ 98 ಆದರು.

ಬಾಡಿಗೆಯ ಬಿಸಿ ಎಷ್ಟಿತ್ತೆಂದರೆ 1920ರ ದಶಕದಲ್ಲಿ ಬಾಡಿಗೆ ಹಣ ಕೂಡಿಸಲೆಂದೇ ಪಾರ್ಟಿಗಳು ನಡೆಯುತ್ತಿದ್ದವು. ಮೇಜು ಕುರ್ಚಿ ಬದಿಗೆ ಸರಿಸಿ, ಆಹ್ವಾನದ ಚೀಟಿ ಅಚ್ಚು ಹಾಕಿಸಿ ಹಂಚಿ, ಬಾಗಿಲಲ್ಲಿ ಚಿಲ್ಲರೆ ಈಸಿಕೊಂಡು ಜನರನ್ನು ಒಳಗೆ ಬಿಡುವುದು. ರಾತ್ರಿಯಿಡೀ ಪಿಯಾನೊ, ಕುಣಿತ. ಊಟಕ್ಕೆ ಬೇರೆ ಕಾಸು. ಮುಂದೆ ಜಗತ್ಪ್ರಸಿದ್ಧರಾದ ಪಿಯಾನೊ ವಾದಕ ಫ್ಯಾಟ್ಸ್ ವಾಲರ್ ಇಂಥ ಮನೆಗಳಲ್ಲೇ ಕೈ ಪಳಗಿಸಿಕೊಂಡವರು.

ಆಮೇಲಿನದು ಇಳಿಜಾರು. ಬ್ಯಾಂಕುಗಳು ಸಾಲ ಕೊಡಲಿಲ್ಲ, ಮಾಲೀಕರು ರಿಪೇರಿ ಮಾಡಿಸಲಿಲ್ಲ. 1970ರ ದಶಕವೊಂದರಲ್ಲೇ ಸೆಂಟ್ರಲ್ ಹಾರ್ಲೆಮ್ ಮೂರನೇ ಒಂದರಷ್ಟು ಜನರನ್ನು ಕಳೆದುಕೊಂಡಿತು. ತೆರಿಗೆ ಕಟ್ಟದೆ ಕೈಬಿಟ್ಟ ಕಟ್ಟಡಗಳು ಸಾಲುಸಾಲಾಗಿ ನಗರಾಡಳಿತದ ಪಾಲಾದವು. ಹಾರ್ಲೆಮ್‌ನ ಕಪ್ಪು ಗಂಡಸರು 65 ವರ್ಷ ಮುಟ್ಟುವ ಸಾಧ್ಯತೆ ಬಾಂಗ್ಲಾದೇಶದ ಗಂಡಸರಿಗಿಂತಲೂ ಕಡಿಮೆ ಎಂದು 1990ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅಮೆರಿಕದ ಅತಿ ಸಿರಿವಂತ ನಗರದ ಮಾತಿದು.

ಒಂದು ಕಾಲಕ್ಕೆ ಕೇಳುವವರಿಲ್ಲದಿದ್ದ ಅದೇ ಕಂದು ಕಲ್ಲಿನ ಮನೆಗಳು ಇಂದು ಹತ್ತಾರು ಲಕ್ಷ ಡಾಲರಿಗೆ ಮಾರಾಟವಾಗುತ್ತವೆ. ಈ ನಡುವೆ ಅಪರಾಧ ತಗ್ಗಿತು, ನಗರಾಡಳಿತ ತನ್ನ ಕೈಸೇರಿದ್ದ ಕಟ್ಟಡಗಳನ್ನು ದುರಸ್ತಿ ಮಾಡಿಸಿತು, ಹಲವನ್ನು ಮಾರಿತು. 2001ರಲ್ಲಿ ಮಾಜಿ ಅಧ್ಯಕ್ಷ ಕ್ಲಿಂಟನ್ 125ನೇ ಬೀದಿಯಲ್ಲಿ ಕಚೇರಿ ತೆರೆದರು. 2008ರಲ್ಲಿ ಅದೇ ಬೀದಿಯ ವಲಯ ನಿಯಮ ಬದಲಾಗಿ ಎತ್ತರದ ಕಟ್ಟಡಗಳಿಗೆ ದಾರಿಯಾಯಿತು. ಅಷ್ಟರಲ್ಲಿ ಇಡೀ ಹಾರ್ಲೆಮ್ ಪ್ರದೇಶದಲ್ಲಿ ಹತ್ತರಲ್ಲಿ ನಾಲ್ವರಷ್ಟೇ ಕಪ್ಪು ಜನ. ಬಂದವರೆಲ್ಲ ಬಿಳಿಯರು ಎನ್ನುವುದು ಅರ್ಧ ಸತ್ಯ. ಲ್ಯಾಟಿನೊಗಳು ಬಂದರು, ಒಳ್ಳೆಯ ಸಂಬಳದ ಕಪ್ಪು ವೃತ್ತಿಪರರು ಬಂದರು, 116ನೇ ಬೀದಿಯಲ್ಲಿ ಸೆನೆಗಲ್‌ನವರು ಅಂಗಡಿ ಹೋಟೆಲು ತೆರೆದರು.

ಹಳಬರು ಹೊಸಬರ ತಿಕ್ಕಾಟ ಕಣ್ಣಿಗೆ ಕಂಡದ್ದು ಮಾರ್ಕಸ್ ಗಾರ್ವೆ ಉದ್ಯಾನದಲ್ಲಿ. 1969ರಿಂದ ಬೇಸಿಗೆಯ ಶನಿವಾರಗಳಲ್ಲಿ ಅಲ್ಲಿ ಆಫ್ರಿಕನ್ ಡೋಲುಗಳ ಮೇಳ ಸೇರುತ್ತಿತ್ತು. ಎದುರಿಗೆ ಐಷಾರಾಮಿ ಅಪಾರ್ಟ್‌ಮೆಂಟ್ ಎದ್ದಿತು. ಸದ್ದು ತಡೆಯಲಾಗದೆಂದು ಅಲ್ಲಿನವರು ದೂರಿದರು. ಕೊನೆಗೆ ಡೋಲಿನವರೇ ಉದ್ಯಾನದ ಬೇರೆ ಮೂಲೆಗೆ ಸರಿಯಬೇಕಾಯಿತು. 1939ರ ಲೆನಾಕ್ಸ್ ಲೌಂಜ್ ಎಂಬ ಜಾಝ್ ತಾಣಕ್ಕೆ ಆ ಅವಕಾಶವೂ ಇರಲಿಲ್ಲ. ಬಾಡಿಗೆ ಏರಿತು, 2012ರ ಕೊನೆಯ ರಾತ್ರಿ ಬಾಗಿಲು ಮುಚ್ಚಿತು.

ಹಾಗೆಂದು ಹಳಬರಿಗೆ ಬದಲಾವಣೆಯೆಲ್ಲ ಬೇಡವಾಗಿರಲಿಲ್ಲ. ಇಲ್ಲಿ ಓಡಾಡಿ ಜನರನ್ನು ಮಾತನಾಡಿಸಿದ ಆಗ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಲ್ಯಾನ್ಸ್ ಫ್ರೀಮನ್ 2006ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದು ಎರಡೂ ಬಗೆಯ ಭಾವನೆಗಳನ್ನು: ಒಳ್ಳೆಯ ಅಂಗಡಿ, ಸುರಕ್ಷಿತ ಬೀದಿ ಬಂದವೆಂಬ ಸಂತೋಷ, ಇವೆಲ್ಲ ನಮಗಾಗಿ ಬಂದದ್ದಲ್ಲ ಎಂಬ ಗುಮಾನಿ. ಆ ಗುಮಾನಿಗೆ ಮುಂದೆ ಆಧಾರವೂ ಸಿಕ್ಕಿತು. ಇಲ್ಲಿನ ಅಬಿಸಿನಿಯನ್ ಚರ್ಚಿನ ಅಭಿವೃದ್ಧಿ ಸಂಸ್ಥೆಯ ಪ್ರಯತ್ನದಿಂದ 1999ರಲ್ಲಿ 125ನೇ ಬೀದಿಗೆ ಬಂದ ಪಾತ್‌ಮಾರ್ಕ್ ಸೂಪರ್ ಮಾರ್ಕೆಟ್ 2015ರಲ್ಲಿ ಮುಚ್ಚಿತು. ಎರಡು ವರ್ಷದ ನಂತರ ಅದೇ ಬೀದಿಯಲ್ಲಿ ದುಬಾರಿ ದಿನಸಿಗೆ ಹೆಸರಾದ ಹೋಲ್ ಫುಡ್ಸ್ ತೆರೆಯಿತು.

ಮನೆಯ ಮಾಲೀಕರಾಗಿದ್ದ ಹಳಬರು ಒಳ್ಳೆಯ ಬೆಲೆಗೆ ಮಾರಿ ದಕ್ಷಿಣದ ರಾಜ್ಯಗಳಿಗೋ ಉಪನಗರಗಳಿಗೋ ಹೋಗಬಹುದಿತ್ತು. ಆದರೆ ಹೆಚ್ಚಿನವರು ಬಾಡಿಗೆದಾರರು. ಅವರಲ್ಲಿ ಉಳಿದವರನ್ನು ಉಳಿಸಿದ್ದು ಬಹುಮಟ್ಟಿಗೆ ಸರ್ಕಾರಿ ವಸತಿ ಸಮುಚ್ಚಯಗಳು ಮತ್ತು ಬಾಡಿಗೆ ನಿಯಂತ್ರಣದ ಕಾನೂನು. ಅದರಲ್ಲೂ ಒಂದು ಕಿಂಡಿ ಇತ್ತು: ಹಳೆಯ ಬಾಡಿಗೆದಾರ ಮನೆ ಬಿಟ್ಟರೆ ಬಾಡಿಗೆ ಏರಿಸಿ, ಅದು ಒಂದು ಮಿತಿ ದಾಟಿದ ಮೇಲೆ ಮನೆಯನ್ನೇ ನಿಯಂತ್ರಣದಿಂದ ಹೊರಗೆ ತರಬಹುದಿತ್ತು. ಆ ಕಿಂಡಿಯನ್ನು ನ್ಯೂಯಾರ್ಕ್ ರಾಜ್ಯ ಮುಚ್ಚಿದ್ದು 2019ರಲ್ಲಿ.