ಶ್ವಾನಹೃದಯದ ಕವಾಟರೋಗ: ಔಷಧಕ್ಕೆ ಮೊದಲು ರಕ್ತಪರೀಕ್ಷೆ

ಮೂಕಪ್ರಾಣಿಯ ವ್ಯಾಧಿಯನ್ನು ಅರಿಯುವುದು ಮನುಷ್ಯನ ವ್ಯಾಧಿಯನ್ನು ಅರಿಯುವುದಕ್ಕಿಂತಲೂ ದುಸ್ತರವಾದ ಕಾರ್ಯವೆಂಬುದನ್ನು ಎಲ್ಲರೂ ಒಪ್ಪಬೇಕಾಗಿದೆ. ಮನೆಯ ನಾಯಿಯು ಅನ್ನವನ್ನು ಬಿಟ್ಟು, ಜ್ವರದಿಂದ ಮಂಕಾಗಿ, ಇಂದು ಮುಂಗಾಲನ್ನೂ ನಾಳೆ ಹಿಂಗಾಲನ್ನೂ ಕುಂಟಿದರೆ, ಕಾಲಿಗೆ ಏಟು ತಗುಲಿರಬೇಕೆಂದು ಯಜಮಾನನು ಭಾವಿಸುವನೇ ಹೊರತು, ರೋಗದ ಮೂಲವು ಹೃದಯದಲ್ಲಿರಬಹುದೆಂದು ಸ್ವಪ್ನದಲ್ಲಿಯೂ ಎಣಿಸಲಾರನು.

ಹೃದಯದೊಳಗಿನ ಕವಾಟಗಳು ರಕ್ತವು ಹಿಂದಕ್ಕೆ ಹರಿಯದಂತೆ ಕಾಯುವ ಬಾಗಿಲುಗಳು. ರಕ್ತದಲ್ಲಿ ಸೇರಿದ ಬ್ಯಾಕ್ಟೀರಿಯಾಗಳು ಎಡಭಾಗದ ಮೈಟ್ರಲ್ ಅಥವಾ ಅಯೋರ್ಟಿಕ್ ಕವಾಟದಲ್ಲಿ ನೆಲೆಯೂರಿದರೆ ಅಲ್ಲಿ ಗಂಟುಗಳು ಬೆಳೆದು ಬಾಗಿಲನ್ನೇ ಕೆಡಿಸುತ್ತವೆ. ಗಂಟಿನ ಚೂರುಗಳು ಕಳಚಿ ಮೂತ್ರಪಿಂಡ, ಗುಲ್ಮ, ಮಿದುಳುಗಳಿಗೂ ಹೋಗಬಹುದು. ಕೀಲುಗಳೂ ಉರಿಯೂತಕ್ಕೆ ಒಳಗಾಗುತ್ತವೆ. ಇದಕ್ಕೆ ವೈದ್ಯರು ಎಂಡೋಕಾರ್ಡೈಟಿಸ್ ಎಂದು ಹೆಸರಿಟ್ಟಿದ್ದಾರೆ. ಇದು ಅಪರೂಪದ ರೋಗವೇ ಆದರೂ ಬಂದಲ್ಲಿ ಅತಿ ಭಯಂಕರವಾದುದು.

ಮುದಿಯಾದ ಸಣ್ಣ ಜಾತಿಯ ನಾಯಿಗಳಲ್ಲಿ ಕವಾಟವು ವಯೋಧರ್ಮದಿಂದ ದಪ್ಪನಾಗಿ ಸೋರುವುದು ಸಾಮಾನ್ಯ. ಅದು ಬೇರೆ ರೋಗ, ಅದರಲ್ಲಿ ಸೋಂಕಿಲ್ಲ. ಸೋಂಕಿನ ಕವಾಟರೋಗವಾದರೋ ಹೆಚ್ಚಾಗಿ ದೊಡ್ಡ ಜಾತಿಯ, ನಡುವಯಸ್ಸು ದಾಟಿದ ನಾಯಿಗಳಲ್ಲಿ ಕಾಣುತ್ತದೆ. ಹಿಂದೆ ಇಲ್ಲದಿದ್ದ ಮರ್ಮರಶಬ್ದವು ಜ್ವರದೊಡನೆ ಸ್ಟೆತಾಸ್ಕೋಪಿನಲ್ಲಿ ಕೇಳಿಬಂದರೆ ವೈದ್ಯನು ಎಚ್ಚರಗೊಳ್ಳತಕ್ಕದ್ದು. ಬಳಿಕ ಶಬ್ದತರಂಗಗಳಿಂದ ಹೃದಯವನ್ನು ನೋಡುವ ಎಕೋ ಪರೀಕ್ಷೆಯಲ್ಲಿ ಕವಾಟದ ಮೇಲೆ ತೂಗಾಡುವ ಗಂಟು ಕಂಡರೆ ಅದು ಬಲವಾದ ಸಾಕ್ಷ್ಯ.

ಎರಡನೆಯ ಮುಖ್ಯ ಸಾಕ್ಷಿಯು ರಕ್ತವೇ. ರೋಮವನ್ನು ಬೋಳಿಸಿ, ಚರ್ಮವನ್ನು ಶುಚಿಗೊಳಿಸಿ, ಬೇರೆ ಬೇರೆ ರಕ್ತನಾಳಗಳಿಂದ ಅರ್ಧ ಗಂಟೆಯಿಂದ ಒಂದು ಗಂಟೆಯ ಅಂತರದಲ್ಲಿ 3 ಅಥವಾ 4 ಬಾರಿ ರಕ್ತವನ್ನು ತೆಗೆದು, ಅದರಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುವವೇ ಎಂದು ನೋಡಬೇಕು. ಮನುಷ್ಯರಿಗಾಗಿ 1994ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ನಿಯಮಗಳನ್ನು ಪಶುವೈದ್ಯರು ನಾಯಿಗಳಿಗೆ ಹೊಂದಿಸಿಕೊಂಡಿರುವರು. ಇವೆರಡು ಸಾಕ್ಷ್ಯಗಳೂ ಕೂಡಿದರೆ ರೋಗನಿರ್ಣಯವು ಸ್ಥಿರವಾದಂತೆ.

ಆದರೆ ನಡೆಯುವುದೇನು? ಜ್ವರವನ್ನು ಕಂಡೊಡನೆ ಆಂಟಿಬಯಾಟಿಕ್ ಸೂಜಿ. ಕುಂಟನ್ನು ಕಂಡೊಡನೆ ಸ್ಟೆರಾಯ್ಡ್. ಮೊದಲನೆಯದು ರಕ್ತದಲ್ಲಿನ ಸಾಕ್ಷ್ಯವನ್ನು ಅಳಿಸುತ್ತದೆ, ಆದರೆ ಗಂಟಿನೊಳಗೆ ಅಡಗಿದ ಶತ್ರುವನ್ನು ನಿರ್ಮೂಲ ಮಾಡುವುದಿಲ್ಲ. ಎರಡನೆಯದು ದೇಹದ ಪ್ರತಿರೋಧಶಕ್ತಿಯನ್ನು ಕುಂದಿಸಿ ಸೋಂಕಿಗೆ ದಾರಿ ತೆರೆಯುತ್ತದೆ. ನರಳುವ ಪ್ರಾಣಿಗೆ ಔಷಧವನ್ನು ತಡೆಹಿಡಿಯುವುದು ನಿರ್ದಯೆಯಲ್ಲವೇ ಎಂದು ಕೆಲವರು ಕೇಳಬಹುದು. ತಡೆಹಿಡಿಯಬೇಕೆಂದು ಯಾರೂ ಹೇಳುತ್ತಿಲ್ಲ. ರಕ್ತವನ್ನು ತೆಗೆಯಲು ಕೆಲವು ಗಂಟೆಗಳು ಸಾಕು. ಆಮೇಲೆ ಫಲಿತಾಂಶಕ್ಕೆ ಕಾಯದೆ ಔಷಧವನ್ನು ಆರಂಭಿಸಬಹುದು. ಚಿಕಿತ್ಸೆಯು ಅನೇಕ ವಾರಗಳವರೆಗೆ ಸಾಗತಕ್ಕದ್ದಾದುದರಿಂದ, ಯಾವ ಔಷಧವು ಯಾವ ಜೀವಿಗೆ ತಾಗುವುದೆಂದು ತಿಳಿದಿರುವುದೇ ಪ್ರಾಣಿಯ ಪಾಲಿಗೆ ಆಸರೆ.

ರಕ್ತದಲ್ಲಿ ಏನೂ ಬೆಳೆಯದಿದ್ದರೆ ರೋಗವಿಲ್ಲವೆಂದು ತೀರ್ಮಾನಿಸುವುದೂ ತಪ್ಪು. ಬಾರ್ಟೊನೆಲ್ಲಾ ಎಂಬ ಸೂಕ್ಷ್ಮಜೀವಿಯಿಂದ ನಾಯಿಗೆ ಈ ರೋಗ ಬಂದುದನ್ನು ಅಮೆರಿಕದ ಉತ್ತರ ಕೆರೊಲಿನಾದ ಸಂಶೋಧಕರು 1995ರಲ್ಲಿ ಪ್ರಕಟಿಸಿದರು. ಇದು ಸಾಧಾರಣ ಪರೀಕ್ಷೆಗೆ ಸಿಕ್ಕುವುದು ದುರ್ಲಭ; ಜ್ವರವೂ ಇಲ್ಲದಿರಬಹುದು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ 1999ರಿಂದ 2001ರವರೆಗೆ ಪರೀಕ್ಷಿಸಿದ 18 ರೋಗಿ ನಾಯಿಗಳಲ್ಲಿ 5ಕ್ಕೆ ಇದೇ ಕಾರಣವಾಗಿತ್ತು. ಇಂತಲ್ಲಿ ಪಿ.ಸಿ.ಆರ್. ಮತ್ತು ಪ್ರತಿಕಾಯ ಪರೀಕ್ಷೆಗಳನ್ನು ಆಶ್ರಯಿಸಬೇಕು.

ಅಯೋರ್ಟಿಕ್ ಕವಾಟವು ಕೆಟ್ಟ ನಾಯಿಗಳು ಬಹುಕಾಲ ಬದುಕುವುದು ವಿರಳವೆಂಬ ಸತ್ಯವನ್ನು ಮರೆಮಾಡಲಾಗದು. ಹಾಗೆಂದೇ ಮೊದಲ ದಿನದ ವಿವೇಕಕ್ಕೆ ಇಷ್ಟು ಬೆಲೆ. ಮನೆಯಲ್ಲಿ ಉಳಿದ ಮಾತ್ರೆಯನ್ನು ತಾನೇ ತಿನ್ನಿಸದೆ, ಹಿಂದೆ ಕೊಟ್ಟ ಔಷಧಗಳನ್ನೆಲ್ಲ ವೈದ್ಯನಿಗೆ ಮರೆಯದೆ ತಿಳಿಸುವುದು ಯಜಮಾನನ ಧರ್ಮ; ಸೂಜಿ ಚುಚ್ಚುವುದಕ್ಕೆ ಮೊದಲು ಎದೆಗೆ ಕಿವಿಗೊಡುವುದು ವೈದ್ಯನ ಧರ್ಮ. ಬಾಯಿಲ್ಲದ ಪ್ರಾಣಿಯ ಪರವಾಗಿ ಅದರ ರಕ್ತವು ಸಾಕ್ಷಿ ಹೇಳಬಲ್ಲದು. ಆ ಸಾಕ್ಷಿಯ ಬಾಯಿಯನ್ನು ನಾವೇ ಮುಚ್ಚದಿದ್ದರೆ ಸಾಕು.