ಅಡಿಕೆ ದುಡ್ಡು ತಿಂಗಳ ಆದಾಯ ಆಗೋದು ಹೇಗೆ?

ತರೀಕೆರೆಯ ಅಡಿಕೆ, ಕಡೂರಿನ ಕೊಬ್ಬರಿ, ಅಜ್ಜಂಪುರದ ಈರುಳ್ಳಿ. ದುಡ್ಡು ಬಂದರೆ ಒಟ್ಟಿಗೇ ಬರುತ್ತೆ. ದಿನಸಿ, ಬಿಪಿ ಮಾತ್ರೆ, ಮಕ್ಕಳ ಫೀಸು ಹಾಗಲ್ಲ, ತಿಂಗಳು ತಿಂಗಳೂ ಬೇಕು.

ಮೊದಲು ಪೋಸ್ಟಾಫೀಸಿನ ಮಾಸಿಕ ಆದಾಯ ಯೋಜನೆ ನೋಡಿ. ಒಬ್ಬರ ಹೆಸರಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷದವರೆಗೆ ಇಡಬಹುದು. ಶೇ 7.4ರ ದರದಲ್ಲಿ 9 ಲಕ್ಷಕ್ಕೆ ತಿಂಗಳಿಗೆ 5,550 ರೂಪಾಯಿ. ಖಾತೆ ತೆರೆದ ದಿನದ ದರವೇ 5 ವರ್ಷ ಪೂರ್ತಿ ನಡೆಯುತ್ತೆ. ಆದರೆ ಮೊದಲ ವರ್ಷ ಅಸಲು ವಾಪಸ್ ತೆಗೆಯೋ ಹಾಗಿಲ್ಲ. ಆಸ್ಪತ್ರೆ ಖರ್ಚಿಗೆ ಅಂತ ಒಂದಿಷ್ಟು ಉಳಿತಾಯ ಖಾತೆಯಲ್ಲೇ ಬಿಡಿ, ದಯವಿಟ್ಟು.

60 ದಾಟಿದ ಅಪ್ಪ ಅಮ್ಮನಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ, ಮೂರು ತಿಂಗಳಿಗೊಮ್ಮೆ ಬಡ್ಡಿ.

ಮ್ಯೂಚುವಲ್ ಫಂಡಿನಲ್ಲೇ ಜನ ಎಡವೋದು. ‘ತಿಂಗಳ ಡಿವಿಡೆಂಡ್’ಗೆ ಖಾತ್ರಿ ಇಲ್ಲ, ಕೊಟ್ಟಷ್ಟೂ ಯೂನಿಟ್ ಬೆಲೆ ಇಳಿಯುತ್ತೆ. ಅದಕ್ಕಿಂತ ಎಸ್‌ಡಬ್ಲ್ಯೂಪಿ (ಫಂಡಿನಿಂದ ತಿಂಗಳು ತಿಂಗಳೂ ನಿಗದಿತ ಮೊತ್ತ ತೆಗೆಯೋ ವ್ಯವಸ್ಥೆ) ವಾಸಿ: ಎಷ್ಟು ತೆಗೀಬೇಕು ಅಂತ ನೀವೇ ನಿಗದಿ ಮಾಡ್ತೀರಿ. ವರ್ಷಕ್ಕೆ ಶೇ 6 ಬೆಳೆಯೋ ಫಂಡಿನಿಂದ ಶೇ 10 ತೆಗೆದರೆ ಅಸಲೇ ಕರಗುತ್ತೆ. ಫಂಡಿನ ಬೆಳವಣಿಗೆಗೂ ಗ್ಯಾರಂಟಿ ಇಲ್ಲ, ಹಾಗಾಗಿ ಮನೆಖರ್ಚಿನ ಭಾರವನ್ನ ಪೋಸ್ಟಾಫೀಸಿನ ಮೇಲೇ ಹಾಕಿ.

ಇನ್ನೊಂದು ವಿಷಯ: ತೋಟದ ಆದಾಯಕ್ಕಿರೋ ತೆರಿಗೆ ವಿನಾಯಿತಿ ಮಾಸಿಕ ಆದಾಯ ಯೋಜನೆ, ಹಿರಿಯ ನಾಗರಿಕರ ಯೋಜನೆಯ ಬಡ್ಡಿಗೆ ಸಿಗಲ್ಲ.