ತಾನೇ ಕೊಯ್ಯುವ ಹೊಲ

ಚಿತ್ರದುರ್ಗದ ಕೋಟೆಯನ್ನು ಹತ್ತಿದವರೆಲ್ಲರೂ ಅಕ್ಕತಂಗಿಯರ ಹೊಂಡವನ್ನು ನೋಡಿರುತ್ತಾರೆ. ಮಳೆಗಾಲದಲ್ಲಿ ಗೋಪಾಲಸ್ವಾಮಿ ಹೊಂಡವು ತುಂಬಿದರೆ ಹೆಚ್ಚಾದ ನೀರು ತಾನಾಗಿಯೇ ಇದಕ್ಕೆ ಇಳಿಯುತ್ತದೆ. ಇದೂ ತುಂಬಿದರೆ ಸಿಹಿನೀರು ಹೊಂಡಕ್ಕೂ ಅಲ್ಲಿಂದ ಸಂತೆಹೊಂಡಕ್ಕೂ ಹರಿಯುತ್ತದೆ. ಯಾರೂ ಕಾದು ನಿಂತು ನೀರನ್ನು ಬಿಡಬೇಕಾಗಿಲ್ಲ. ನಮ್ಮ ಹಳ್ಳಿಯ ಕೆರೆಗಳ ಕೋಡಿಯೂ ಹೀಗೆಯೇ. ನೀರು ಒಂದು ಮಟ್ಟವನ್ನು ಮುಟ್ಟಿದೊಡನೆ ಕೋಡಿಯು ಹರಿಯತೊಡಗುತ್ತದೆ, ಮಟ್ಟವಿಳಿದೊಡನೆ ನಿಲ್ಲುತ್ತದೆ. ಆದರೆ ಅದೇ ಕೆರೆಯ ತೂಬಿನ ವಿಷಯ ಬೇರೆ. ಅದನ್ನು ತೆರೆಯಲು ನೀರುಗಂಟಿಯೇ ಬರಬೇಕು. ಏಕೆ? ಕೋಡಿಗೆ ಇರುವುದು ಒಂದೇ ಪ್ರಶ್ನೆ: ನೀರು ಈ ಮಟ್ಟಕ್ಕೆ ಬಂದಿದೆಯೆ, ಇಲ್ಲವೆ? ತೂಬಿನ ಮುಂದೆ ನಿಂತವನಿಗೆ ಪ್ರಶ್ನೆಗಳು ಹಲವು. ಯಾರ ಗದ್ದೆ ಒಣಗಿದೆ, ಯಾವ ಪೈರು ತೆನೆಗಟ್ಟುತ್ತಿದೆ, ಕೆರೆಯಲ್ಲಿ ಇನ್ನೆಷ್ಟು ದಿನದ ನೀರಿದೆ ಎಂಬುದನ್ನೆಲ್ಲ ಅವನು ತೂಗಿ ನೋಡಬೇಕು.

ಕೋಡಿಗೂ ತೂಬಿಗೂ ಇರುವ ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಇಂದಿನ ಮಕ್ಕಳು ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ಕಟ್ಟುವ ಒಂದು ವಿಚಿತ್ರವಾದ ಹೊಲವನ್ನು ಅರ್ಥಮಾಡಿಕೊಳ್ಳುವುದು ಸುಲಭವಾಗುತ್ತದೆ.

ಆ ಹೊಲವಿರುವುದು ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ. ಸ್ವೀಡನ್ ದೇಶದಲ್ಲಿ ಹುಟ್ಟಿದ ಈ ಆಟವು 2009ರಲ್ಲಿ ಮೊದಲು ಹೊರಬಂದು, 2011ರಲ್ಲಿ ಪೂರ್ಣರೂಪವನ್ನು ಪಡೆಯಿತು. 2023ರ ಹೊತ್ತಿಗೆ ಇದರ 30 ಕೋಟಿಗೂ ಮಿಕ್ಕಿದ ಪ್ರತಿಗಳು ಮಾರಾಟವಾಗಿದ್ದುವು. ಇದರೊಳಗಿನ ಜಗತ್ತೆಲ್ಲವೂ ಘನಾಕಾರದ ಬ್ಲಾಕುಗಳಿಂದ ಆದುದು. ಮಣ್ಣು ಒಂದು ಬ್ಲಾಕು, ಕಲ್ಲು ಒಂದು ಬ್ಲಾಕು, ನೀರೂ ಒಂದು ಬ್ಲಾಕು. ಆಡುವವನು ಅವನ್ನು ಅಗೆದು ತೆಗೆಯುತ್ತಾನೆ, ಬೇಕಾದಲ್ಲಿ ಇಡುತ್ತಾನೆ, ಮನೆ ಕಟ್ಟುತ್ತಾನೆ, ಹೊಟ್ಟೆಪಾಡಿಗಾಗಿ ಬೇಸಾಯವನ್ನೂ ಮಾಡುತ್ತಾನೆ. ಕೆಲವು ದಿನಗಳಲ್ಲಿಯೇ ಬಿತ್ತಿ ಕೊಯ್ಯುವುದು ಅವನಿಗೆ ಬೇಸರವಾಗುತ್ತದೆ. ಆಗ ತಾನೇ ಕೊಯ್ದುಕೊಳ್ಳುವ ಹೊಲವೊಂದನ್ನು ಕಟ್ಟಬಾರದೇಕೆ ಎಂಬ ಯೋಚನೆ ಹುಟ್ಟುತ್ತದೆ.

ಇಂಥ ಹೊಲಗಳಲ್ಲಿ ಅತ್ಯಂತ ಸರಳವಾದುದು ಕಬ್ಬಿನದು. ಆಟದ ಕಬ್ಬು ನೀರಿನ ಪಕ್ಕದ ಮಣ್ಣಿನಲ್ಲಿಯೋ ಮರಳಿನಲ್ಲಿಯೋ ಮಾತ್ರ ಬೆಳೆಯುತ್ತದೆ, ಮೂರು ಬ್ಲಾಕುಗಳ ಎತ್ತರಕ್ಕೆ ಬಂದ ಮೇಲೆ ನಿಲ್ಲುತ್ತದೆ. ಬುಡದ ಬ್ಲಾಕನ್ನು ಉಳಿಸಿ ಮೇಲಿನದನ್ನು ಕಡಿದರೆ ಮತ್ತೆ ಚಿಗುರುತ್ತದೆ. ನಮ್ಮ ರೈತರು ಕೂಳೆ ಕಬ್ಬು ಎನ್ನುವುದು ಇದನ್ನೇ. ನಿಜವಾದ ಹೊಲದಲ್ಲಿ ಕೂಳೆಯ ಇಳುವರಿಯು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಹೋಗುತ್ತದೆ, ಹೊಸ ಬಿತ್ತನೆ ಮಾಡಲೇಬೇಕಾಗುತ್ತದೆ. ಆಟದ ಕೂಳೆಗೆ ಮುಪ್ಪೆಂಬುದಿಲ್ಲ.

ಈಗ ಯಂತ್ರದ ರಚನೆಯನ್ನು ನೋಡಿರಿ. ಮೊದಲು ಒಂದು ಕಾಲುವೆಯನ್ನು ತೋಡಿ ನೀರು ಬಿಡಬೇಕು. ಆಟದ ನೀರು ಸಮನೆಲದ ಮೇಲೆ ತನ್ನ ಮೂಲದಿಂದ ಏಳು ಬ್ಲಾಕುಗಳ ದೂರ ಮಾತ್ರ ಹರಿಯುತ್ತದೆ; ಸಾಲಿನ ಉದ್ದವನ್ನು ಇದಕ್ಕೆ ಹೊಂದಿಸಿಕೊಳ್ಳಬೇಕು. ಕಾಲುವೆಯ ದಡದಲ್ಲಿ ಕಬ್ಬನ್ನು ಸಾಲಾಗಿ ನೆಡಬೇಕು. ಪ್ರತಿಯೊಂದು ಕಬ್ಬಿನ ಹಿಂದೆ ಎರಡನೆಯ ಎತ್ತರದಲ್ಲಿ ಒಂದೊಂದು ಪಿಸ್ಟನ್ನನ್ನು ಇಡಬೇಕು. ಪಿಸ್ಟನ್ ಎಂದರೆ ಮುಂದಕ್ಕೆ ಚಾಚಿ ಗುದ್ದಿ ಹಿಂದಕ್ಕೆ ಸರಿಯುವ ಕೈ. ಒಂದು ಪಿಸ್ಟನ್ನಿನ ತಲೆಯ ಮೇಲೆ, ಎಂದರೆ ಮೂರನೆಯ ಎತ್ತರದಲ್ಲಿ, ಅಬ್ಸರ್ವರ್ ಎಂಬ ಬ್ಲಾಕನ್ನು ಕಬ್ಬಿನ ಕಡೆಗೆ ಮುಖಮಾಡಿ ಇಡಬೇಕು. ತನ್ನ ಮುಖದ ಎದುರಿನ ಒಂದೇ ಒಂದು ಜಾಗವನ್ನು ನೋಡುತ್ತಿದ್ದು, ಅಲ್ಲಿ ಏನಾದರೂ ಬದಲಾದರೆ ಬೆನ್ನಿನಿಂದ ಸಂಕೇತವನ್ನು ಕಳುಹಿಸುವುದು ಇದರ ಕೆಲಸ. ಹೊಲ ಕಾಯಲು ಅಟ್ಟಣೆಯ ಮೇಲೆ ಕುಳಿತ ಕಾವಲುಗಾರನಿಗೆ ಇದನ್ನು ಹೋಲಿಸಬಹುದು. ಆದರೆ ಈ ಕಾವಲುಗಾರನು ಕತ್ತನ್ನು ತಿರುಗಿಸಲಾರ.

ಕಾವಲುಗಾರನ ಕೂಗು ಕೈಗೆ ಕೇಳಿಸಬೇಕಷ್ಟೆ. ಅದಕ್ಕಾಗಿ ಪಿಸ್ಟನ್ನುಗಳ ಹಿಂದೆ ಗಟ್ಟಿ ಬ್ಲಾಕುಗಳ ಸಾಲೊಂದನ್ನು ಇಟ್ಟು, ಅದರ ಮೇಲೆ ರೆಡ್‌ಸ್ಟೋನ್ ಎಂಬ ಕೆಂಪು ಪುಡಿಯನ್ನು ಗೆರೆಯಂತೆ ಎಳೆಯುತ್ತಾರೆ. ಈ ಪುಡಿಯು ಆಟದ ವಿದ್ಯುತ್ ತಂತಿ. ಇದರಲ್ಲಿ ಸಂಕೇತವು 15 ಬ್ಲಾಕುಗಳ ದೂರದವರೆಗೆ ಹೋಗಬಲ್ಲುದು. ಕಬ್ಬು ಮೂರನೆಯ ಎತ್ತರವನ್ನು ಮುಟ್ಟಿದ ಕ್ಷಣವೇ ಅಬ್ಸರ್ವರ್ ಅದನ್ನು ಕಾಣುತ್ತದೆ. ಸಂಕೇತವು ಗೆರೆಯುದ್ದಕ್ಕೂ ಓಡುತ್ತದೆ. ಪಿಸ್ಟನ್ನುಗಳೆಲ್ಲ ಒಮ್ಮೆಗೇ ಗುದ್ದುತ್ತವೆ. ಕಬ್ಬಿನ ನಡುವೂ ತುದಿಯೂ ಮುರಿದು ಕಾಲುವೆಗೆ ಬೀಳುತ್ತವೆ, ಬುಡಗಳು ಮಾತ್ರ ನಿಂತಲ್ಲಿಯೇ ಉಳಿಯುತ್ತವೆ. ಬಿದ್ದ ತುಂಡುಗಳನ್ನು ನೀರು ತೇಲಿಸಿಕೊಂಡು ಹೋಗಿ ಕೊನೆಯಲ್ಲಿರುವ ಹಾಪರ್‌ಗೆ ಮುಟ್ಟಿಸುತ್ತದೆ. ಹಾಪರ್ ಹಿಟ್ಟಿನ ಗಿರಣಿಯಲ್ಲಿ ಕಾಳು ಸುರಿಯುವ ಬಾಯಿಯಂಥದು. ಅದರ ಕೆಳಗೆ ಪೆಟ್ಟಿಗೆ. ಕೆಲವು ತುಂಡುಗಳು ದಡದಲ್ಲಿಯೇ ಉಳಿದುಬಿಡುವುದುಂಟು. ಅವನ್ನು ಹಕ್ಕಲು ಆಯುವಂತೆ ಆಯ್ದುಕೊಳ್ಳಬೇಕು. ಕಬ್ಬು ಒಂದು ಬ್ಲಾಕಿನಷ್ಟು ಏರಲು ಸರಾಸರಿ 18 ನಿಮಿಷ ಹಿಡಿಯುತ್ತದೆ. ಆಟದ ಒಂದು ಹಗಲಿರುಳು ಎಂದರೆ ನಮ್ಮ 20 ನಿಮಿಷವಾದ್ದರಿಂದ, ಕಬ್ಬು ಅಲ್ಲಿ ದಿನಕ್ಕೊಂದು ಗೇಣು ಬೆಳೆಯಿತೆಂದು ಲೆಕ್ಕ ಹಾಕಿಕೊಳ್ಳಬಹುದು.

ಈ ಯಂತ್ರದ ಒಳಗುಟ್ಟು ಕೆಂಪು ಪುಡಿಯಲ್ಲಿಯೂ ಇಲ್ಲ, ಪಿಸ್ಟನ್ನಿನಲ್ಲಿಯೂ ಇಲ್ಲ. ಇದನ್ನು ಮೊದಲು ಕಟ್ಟಿದವನು ಕಬ್ಬಿನ ಸ್ವಭಾವವನ್ನು ಚೆನ್ನಾಗಿ ನೋಡಿದ್ದನು. ಕಬ್ಬಿನ ಎತ್ತರವೇ ಅದರ ಪಕ್ವತೆಯ ಗುರುತು, ಬುಡ ಉಳಿದರೆ ಮರುಬಿತ್ತನೆ ಬೇಡ ಎಂಬ ಎರಡು ಸಂಗತಿಗಳು ಅವನಿಗೆ ತಿಳಿದಿದ್ದುವು. ಇದರಿಂದ ಕೊಯ್ಲಿನ ಪ್ರಶ್ನೆಯು ಕೋಡಿಯ ಪ್ರಶ್ನೆಯಷ್ಟು ಸರಳವಾಯಿತು.

ಗೋಧಿಗೆ ಬಂದರೆ ಈ ಉಪಾಯ ನಡೆಯದು. ಆಟದ ಗೋಧಿಗೆ ಎಂಟು ಹಂತಗಳುಂಟು; ಪ್ರತಿ ಹಂತಕ್ಕೂ ಪೈರಿನ ರೂಪ ಬದಲಾಗುತ್ತದೆ. ಅಬ್ಸರ್ವರ್ ಬದಲಾವಣೆಯನ್ನು ಕಾಣುತ್ತದೆಯೇ ಹೊರತು ಅದು ಎಳೆಯ ಪೈರೋ ಮಾಗಿದ ತೆನೆಯೋ ಎಂಬುದನ್ನು ಅರಿಯದು. ಎಳೆಯದನ್ನು ಕಿತ್ತರೆ ಬಿತ್ತಿದ ಬೀಜ ಮಾತ್ರ ಕೈಗೆ ಬರುತ್ತದೆ. ಆದುದರಿಂದ ಗೋಧಿಯ ಹೊಲವನ್ನು ಮೆಟ್ಟಿಲುಮೆಟ್ಟಿಲಾಗಿ ಕಟ್ಟಿ, ಮೇಲ್ಗಡೆ ನೀರನ್ನು ತಡೆದಿಟ್ಟಿರುತ್ತಾರೆ. ಎಲ್ಲವೂ ಮಾಗಿತೆಂದು ಆಟಗಾರನು ಕಣ್ಣಾರೆ ಕಂಡು ಗುಂಡಿಯನ್ನು ಒತ್ತಿದರೆ ನೀರು ನುಗ್ಗಿ ಬೆಳೆಯನ್ನೆಲ್ಲ ಕಿತ್ತು ಪೆಟ್ಟಿಗೆಗೆ ಸಾಗಿಸುತ್ತದೆ. ಇದು ತೂಬು, ಆಟಗಾರನೇ ನೀರುಗಂಟಿ. ಬಿತ್ತನೆಯನ್ನೂ ಅವನೇ ಹೊಸದಾಗಿ ಮಾಡಬೇಕು. ಅದೂ ಬೇಡವೆನ್ನುವವರು ಆಟದೊಳಗಿನ ಹಳ್ಳಿಯ ರೈತನೊಬ್ಬನನ್ನು ತಂದು ಹೊಲದಲ್ಲಿ ಇರಿಸುತ್ತಾರೆ. ಅವನು ಮಾಗಿದುದನ್ನು ಗುರುತಿಸಿ ಕೊಯ್ಯುತ್ತಾನೆ, ಮತ್ತೆ ಬಿತ್ತುತ್ತಾನೆ. ಇದನ್ನೂ ಸ್ವಯಂಚಾಲಿತ ಹೊಲವೆಂದೇ ಕರೆಯುತ್ತಾರೆ! ಬೇರೊಬ್ಬನ ಕೈಯಿಂದ ಮಾಡಿಸಿದುದನ್ನು ತಾನಾಗಿಯೇ ಆಯಿತೆನ್ನುವ ರೂಢಿ ಆಟದ ಹೊರಗೂ ಇಲ್ಲದಿಲ್ಲ.

ಆಟದ ಬೇಸಾಯದಲ್ಲಿ ನನಗೆ ಸೋಜಿಗವೆನಿಸಿದ ನಿಯಮವೊಂದಿದೆ. ಹೊಲದ ತುಂಬ ಒಂದೇ ಬೆಳೆಯನ್ನು ಒತ್ತಾಗಿ ಬಿತ್ತಿದರೆ ಅದು ನಿಧಾನವಾಗಿ ಬೆಳೆಯುತ್ತದೆ. ಗೋಧಿಯ ಒಂದು ಸಾಲು, ಅದರ ಪಕ್ಕದಲ್ಲಿ ಕ್ಯಾರೆಟ್ಟಿನ ಒಂದು ಸಾಲು, ಹೀಗೆ ಬಿತ್ತಿದರೆ ಎರಡೂ ಬೇಗ ಮಾಗುತ್ತವೆ. ನಮ್ಮ ಹಿರಿಯರು ಅಕ್ಕಡಿ ಸಾಲು ಎಂದು ಕರೆದ ಪದ್ಧತಿಯಿದು. ಶೇಂಗಾದ ಹೊಲದಲ್ಲಿ ನಡುನಡುವೆ ತೊಗರಿಯ ಸಾಲನ್ನು ನೀವೂ ಕಂಡಿರಬಹುದು. ಆಟದಲ್ಲಿ ಇದು ಬರಿಯ ಲೆಕ್ಕದ ನಿಯಮ. ಹೊಲದಲ್ಲಿ ಇದಕ್ಕೆ ಕಾರಣಗಳುಂಟು. ತೊಗರಿಯ ಬೇರು ಶೇಂಗಾದ ಬೇರಿಗಿಂತ ಆಳಕ್ಕೆ ಇಳಿದು ಅಲ್ಲಿನ ತೇವವನ್ನು ಹೀರುತ್ತದೆ. ಮಳೆ ಕೈಕೊಟ್ಟು ಶೇಂಗಾ ಹೋದರೂ ತೊಗರಿಯಾದರೂ ಉಳಿದೀತೆಂಬ ಭರವಸೆಯೂ ಇದೆ.

ಆದರೆ ನೀರಿನ ವಿಷಯದಲ್ಲಿ ಆಟವು ನಮ್ಮ ಸೀಮೆಯಿಂದ ಬಹುದೂರ. ಅಲ್ಲಿ ನಾಲ್ಕು ಬ್ಲಾಕುಗಳ ಚೌಕದ ಗುಂಡಿಯನ್ನು ತೆಗೆದು ಎದುರುಬದುರಿನ ಮೂಲೆಗಳಿಗೆ ಎರಡು ಬಕೆಟ್ಟು ನೀರನ್ನು ಸುರಿದರೆ ಸಾಕು. ಎಷ್ಟು ಮೊಗೆದರೂ ಗುಂಡಿ ಬತ್ತುವುದಿಲ್ಲ. ಒಂದು ನೀರಿನ ಬ್ಲಾಕು ಸುತ್ತಲಿನ 80 ಬ್ಲಾಕುಗಳ ಹೊಲವನ್ನು ಎಂದೆಂದಿಗೂ ತೇವವಾಗಿಡುತ್ತದೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಡುವೆ ಕಳೆದ 89 ವರ್ಷಗಳಲ್ಲಿ ಮೂರು ತಲೆಮಾರುಗಳು ಆ ಕೋಡಿಯ ನೀರನ್ನು ಕಾಣದೆಯೇ ಬೇಸಾಯ ಮಾಡಿದುವು.

ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಂಥ ಊರುಗಳಲ್ಲಿ ಕೊಳವೆಬಾವಿಯ ಪಂಪ್‌ಸೆಟ್ಟಿಗೆ ಒಂದು ಪೆಟ್ಟಿಗೆಯನ್ನು ಜೋಡಿಸುವ ವಾಡಿಕೆಯುಂಟು. ಅದಕ್ಕೆ ಆಟೋ ಸ್ಟಾರ್ಟರ್ ಎಂದು ಹೆಸರು. ತ್ರೀ ಫೇಸ್ ಕರೆಂಟು ಅಪರಾತ್ರಿಯಲ್ಲಿ ಬಂದರೂ ರೈತನು ಹಾವು ಚೇಳುಗಳ ನಡುವೆ ಹೊಲಕ್ಕೆ ಹೋಗಬೇಕಾಗಿಲ್ಲ. ಮೋಟಾರು ತಾನೇ ಓಡತೊಡಗುತ್ತದೆ. ಇದರ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಇದು ಯಾವುದನ್ನು ನೋಡುತ್ತಿದೆ ಎಂದು ಕೇಳಿಕೊಳ್ಳಿರಿ. ಇದು ನೋಡುವುದು ತಂತಿಯನ್ನು. ಮಣ್ಣನ್ನಲ್ಲ, ಪೈರನ್ನಲ್ಲ, ಬಾವಿಯ ಆಳವನ್ನೂ ಅಲ್ಲ. ನಿನ್ನೆ ಸಂಜೆ ಹದವಾದ ಮಳೆ ಬಿದ್ದಿದ್ದರೂ ಕರೆಂಟು ಬಂದೊಡನೆ ಅದು ನೀರೆತ್ತುತ್ತದೆ. ಊರಿನ ಪೆಟ್ಟಿಗೆಗಳೆಲ್ಲ ಒಂದೇ ಗಳಿಗೆಯಲ್ಲಿ ಎಚ್ಚೆತ್ತು ಟ್ರಾನ್ಸ್‌ಫಾರ್ಮರಿನ ಮೇಲೆ ಭಾರ ಬೀಳುವುದೂ ಉಂಟು. ಅಂತರ್ಜಲವು ಆಳಕ್ಕೆ ಸರಿದಿರುವ ಜಿಲ್ಲೆಯಲ್ಲಿ ಹೀಗೆ ಬೇಡದೆ ಎತ್ತಿದ ನೀರು ದುಬಾರಿಯಾದುದು.

ಮಣ್ಣನ್ನೇ ನೋಡುವ ಸಾಧನಗಳೂ ಇವೆ. ಟೆನ್ಸಿಯೋಮೀಟರ್ ಎಂಬುದು ಅವುಗಳಲ್ಲಿ ಒಂದು. ನೀರು ತುಂಬಿದ ಕೊಳವೆ. ಅದರ ತುದಿಗೆ ನಮ್ಮ ಮಣ್ಣಿನ ಹೂಜಿಯಂತೆ ಸಣ್ಣ ರಂಧ್ರಗಳುಳ್ಳ ಪಿಂಗಾಣಿಯ ಬಟ್ಟಲು. ಮೇಲ್ಗಡೆ ಒಂದು ಮುಳ್ಳಿನ ಮಾಪಕ. ಸುತ್ತಲಿನ ಮಣ್ಣು ಒಣಗಿದಂತೆ ಅದು ಬಟ್ಟಲಿನ ಮೂಲಕ ಕೊಳವೆಯ ನೀರನ್ನು ಎಳೆಯುತ್ತದೆ, ಮುಳ್ಳು ಸರಿಯುತ್ತದೆ. ಮುಳ್ಳು ಇಷ್ಟಕ್ಕೆ ಬಂದರೆ ಹನಿ ನೀರಾವರಿಯ ಕವಾಟ ತೆರೆಯಲಿ, ಇಷ್ಟಕ್ಕೆ ಇಳಿದರೆ ಮುಚ್ಚಲಿ ಎಂದು ಜೋಡಿಸಲೂಬಹುದು. ಆದರೆ ಇದನ್ನು ನೆಡುವ ಮೊದಲು ರೈತನು ಹೊಲವನ್ನು ಒಮ್ಮೆ ಸುತ್ತಿ ಬರಬೇಕಾಗುತ್ತದೆ. ಈರುಳ್ಳಿಯ ಬೇರು ಮೇಲೆಯೇ ಇರುವುದರಿಂದ ಬಟ್ಟಲು ಆಳಕ್ಕೆ ಹೋಗಬಾರದು. ದಾಳಿಂಬೆಗಾದರೆ ಇನ್ನೂ ಕೆಳಗೆ ಇಳಿಸಬೇಕು. ದಿಣ್ಣೆಯ ಮಣ್ಣು ಬೇಗ ಆರುತ್ತದೆ, ತಗ್ಗಿನದು ನಾಲ್ಕು ದಿನ ಹಸಿಯಾಗಿಯೇ ಇರುತ್ತದೆ. ದಿಣ್ಣೆಯಲ್ಲಿ ನೆಟ್ಟರೆ ತಗ್ಗಿನ ಗಿಡಗಳು ಕೊಳೆತಾವು, ತಗ್ಗಿನಲ್ಲಿ ನೆಟ್ಟರೆ ದಿಣ್ಣೆಯವು ಬಾಡಿಯಾವು. ಯಾವ ಗಿಡದ ಬುಡದಲ್ಲಿ ಅದನ್ನು ನೆಡಬೇಕೆಂಬುದನ್ನು ಹೊಲದ ಏರಿಳಿತವನ್ನು ಬಲ್ಲವನೇ ತೋರಿಸಬೇಕು.